ಜಗದ್ಗುರುಗಳ ನಾಡಿನಿಂದ ವಿಶ್ವಸಂಸ್ಥೆಯ ಮುಂದಿನ ಪ್ರಧಾನ ಕಾರ್ಯದರ್ಶಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಹೆಸರು ಬರೆಯದೆ ಪತ್ರ ಶುರು ಮಾಡುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಆಂಟೊನಿಯೊ ಗುಟೆರಸ್ ಅವರ ಅವಧಿ 2026ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಮರುದಿನ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೋ ಅವರಿಗೆ ಈ ಪತ್ರ. ಇಲ್ಲಿಯವರೆಗೆ ಒಂಬತ್ತು ಜನ ಕೂತಿದ್ದಾರೆ, ಒಂಬತ್ತೂ ಗಂಡಸರೇ. ಈ ಸಲ ಏನಾಗುತ್ತದೋ ನೋಡೋಣ ಅಂತ ಸರ್ ಅನ್ನದೆ, ಮೇಡಂ ಅನ್ನದೆ ‘ಮಾನ್ಯರೇ’ ಅಂದಿದ್ದೇನೆ.

ಮೊದಲೇ ಒಂದು ವಿಷಯ ತಿಳಿಸಿಬಿಡುತ್ತೇನೆ. ನಮ್ಮ ಭಾವನವರ ಪ್ರಕಾರ ನೀವು ಸೈತಾನನ ಕಡೆಯವರು.

ಭಾವ ಒಳ್ಳೆಯ ಮನುಷ್ಯರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಬಂದರೆ ರಾತ್ರಿ ಒಂಬತ್ತಾದರೂ ಮನೆಗೆ ಬರುತ್ತಿರಲಿಲ್ಲ. ರಿಟೈರ್ ಆದ ಮೇಲೆ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದಾರೆ. ಅಲ್ಲಿ ಬೈಬಲಿನ ಪ್ರಕಟನೆ ಗ್ರಂಥದ 13ನೇ ಅಧ್ಯಾಯವನ್ನು ಮತ್ತೆ ಮತ್ತೆ ಓದುತ್ತಾರಂತೆ. ಸಮುದ್ರದಿಂದ ಒಂದು ಮೃಗ ಏಳುತ್ತದೆ. ಎಲ್ಲ ಜನಾಂಗಗಳ ಮೇಲೂ ಅದಕ್ಕೆ ಅಧಿಕಾರ ಸಿಗುತ್ತದೆ. ಬಲಗೈ ಮೇಲೋ ಹಣೆ ಮೇಲೋ ಗುರುತು ಇಲ್ಲದವರು ಏನನ್ನೂ ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ. ಅದರ ಸಂಖ್ಯೆ 666. ಆ ಗುರುತು ಯಾವುದು ಅನ್ನೋದು ಮಾತ್ರ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತಾ ಬಂದಿದೆ. ಮೊದಲು ಸೋಪಿನ ಡಬ್ಬಿ ಮೇಲಿನ ಬಾರ್‌ಕೋಡ್ ಅಂದರು. ಆಮೇಲೆ ಕ್ರೆಡಿಟ್ ಕಾರ್ಡ್. ಆಮೇಲೆ ಆಧಾರ್. 2021ರಲ್ಲಿ ಕೋವಿಡ್ ಲಸಿಕೆ. ಭಾವ ಆ ವರ್ಷ ಲಸಿಕೆ ಹಾಕಿಸಿಕೊಳ್ಳಲೇ ಇಲ್ಲ. ನನ್ನ ತಂಗಿ ಕದ್ದು ಹೋಗಿ ಹಾಕಿಸಿಕೊಂಡು ಬಂದಳು, ಜ್ವರ ಬಂದದ್ದಕ್ಕೆ ಮಳೆಯಲ್ಲಿ ನೆನೆದೆ ಅಂದಳು.

ಗುರುತು ಎಷ್ಟು ಸಲ ಬದಲಾದರೂ ಮೃಗ ಮಾತ್ರ ಅದೇ. ನ್ಯೂಯಾರ್ಕಿನ ಈಸ್ಟ್ ನದಿ ದಡದಲ್ಲಿರುವ ನಿಮ್ಮ 39 ಮಹಡಿ ಕಟ್ಟಡ.

ಇದು ನಮ್ಮ ಕ್ರೈಸ್ತರ ಮನೆಯ ಕಥೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಬರುವ ವಿಡಿಯೋಗಳಲ್ಲಿ ನೀವು ಹಿಂದೂ ಧರ್ಮವನ್ನು ಮುಗಿಸಲು ಹೊರಟವರು. ಕಾರು ರಿಪೇರಿ ಮಾಡುವ ನನ್ನ ಗೆಳೆಯನ ಫೋನಿನಲ್ಲಿ ನೀವು ಇಸ್ಲಾಮಿನ ಶತ್ರು. ಇಷ್ಟು ಜನ ಒಟ್ಟಿಗೆ ಹೆದರುವ ಕಚೇರಿ ಎಷ್ಟು ದೊಡ್ಡದಿರಬೇಕು, ಅಲ್ವಾ?

ಭಾವ ಲೆಕ್ಕದ ಮನುಷ್ಯರು ಅಂದೆನಲ್ಲ, ಅವರಿಗೆ ಲೆಕ್ಕದಲ್ಲೇ ಹೇಳಿದೆ. 2025ಕ್ಕೆ ವಿಶ್ವಸಂಸ್ಥೆಯ ಸಾಮಾನ್ಯ ಬಜೆಟ್ 372 ಕೋಟಿ ಡಾಲರ್. ರೂಪಾಯಿಯಲ್ಲಿ ಸುಮಾರು 32 ಸಾವಿರ ಕೋಟಿ. ಅದೇ 2025-26ಕ್ಕೆ ಕರ್ನಾಟಕದ ಬಜೆಟ್ 4 ಲಕ್ಷ 9 ಸಾವಿರ ಕೋಟಿ. ನಿಮ್ಮ ವಿಶ್ವ ಸರ್ಕಾರದ ಹನ್ನೆರಡು ಪಟ್ಟು ದುಡ್ಡು ನಮ್ಮ ವಿಧಾನಸೌಧದಲ್ಲಿದೆ. ಶಾಂತಿಪಾಲನಾ ಪಡೆಗಳ ಲೆಕ್ಕ ಬೇರೆ, ಅದನ್ನು ಸೇರಿಸಿದರೂ ನೀವು ನಮ್ಮ ಹತ್ತಿರ ಬರುವುದಿಲ್ಲ. 2023ರ ಕೊನೆಗೆ ದುಡ್ಡು ಉಳಿಸಲು ಜಿನೀವಾದ ಕಚೇರಿಯನ್ನೇ ಕೆಲವು ವಾರ ಮುಚ್ಚಿದಿರಿ. ಕರೆಂಟ್ ಬಿಲ್ಲಿಗೆ ಹೆದರುವ ಮೃಗ ಯಾವ ಮೃಗ ಭಾವ ಅಂದೆ. ಅವರು ನಗಲಿಲ್ಲ. “ಅದೆಲ್ಲ ನಾಟಕ” ಅಂದರು.

ಸೈನ್ಯದ ಮಾತೂ ಬಂತು. 2022ರ ಫೆಬ್ರವರಿಯಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನ ರಷ್ಯಾದ್ದೇ ಆಗಿತ್ತು. ಅದೇ ತಿಂಗಳು ರಷ್ಯಾ ಉಕ್ರೇನಿನೊಳಕ್ಕೆ ನುಗ್ಗಿತು. ಖಂಡಿಸುವ ನಿರ್ಣಯ 25ನೇ ತಾರೀಕು ಬಂತು. ರಷ್ಯಾ ವಿಟೊ ಹಾಕಿತು, ಮುಗಿಯಿತು. ನಮ್ಮ ದೇಶ ಯಾರ ಪರವೂ ಮತ ಹಾಕಲಿಲ್ಲ. ಆ ಯುದ್ಧಕ್ಕೆ ‘ಪವಿತ್ರ ಯುದ್ಧ’ ಎಂಬ ಹೆಸರು ಸಿಕ್ಕಿದ್ದು ನಿಮ್ಮ ಕಟ್ಟಡದಲ್ಲಿ ಅಲ್ಲ. 2024ರ ಮಾರ್ಚಿನಲ್ಲಿ, ಮಾಸ್ಕೋದ ಧರ್ಮಗುರು ಕಿರಿಲ್ ಅವರ ನೇತೃತ್ವದ ಒಂದು ಸಭೆಯಲ್ಲಿ.

ಈಗ ನಿಮಗೆ ನಮ್ಮ ನಾಡಿನ ಒಂದು ಪದ ಕಲಿಸುತ್ತೇನೆ. ಜಗದ್ಗುರು. ಇಡೀ ಜಗತ್ತಿಗೇ ಗುರು ಅಂತ ಅರ್ಥ. ಶೃಂಗೇರಿಯಲ್ಲಿ ಜಗದ್ಗುರು ಇದ್ದಾರೆ. ರಂಭಾಪುರಿಯಲ್ಲಿ ಇದ್ದಾರೆ. ಬೇರೆ ಬೇರೆ ಸಮುದಾಯಗಳ ಮಠಗಳಲ್ಲೂ ಇದ್ದಾರೆ. ಕನ್ನಡ ಕಥೋಲಿಕರಾದ ನಾವು ಪೂಜೆಯಲ್ಲಿ ಪೋಪ್‌ರನ್ನು ಕರೆಯುವುದೂ ಜಗದ್ಗುರು ಅಂತಲೇ. ಚುನಾವಣೆ ಹತ್ತಿರ ಬಂತು ಅನ್ನಿ, ಎಲ್ಲ ಪಕ್ಷದವರೂ ಮಠಗಳಿಗೆ ಸಾಲಾಗಿ ಹೋಗಿ ಕಾಲಿಗೆ ಬೀಳುತ್ತಾರೆ. ಬಿರುದು ಜಗತ್ತಿನದು, ಲೆಕ್ಕ ಮಾತ್ರ ಕ್ಷೇತ್ರದ ಮತದ್ದು. ನಾನು ಮೇಷ್ಟ್ರಾಗಿದ್ದಾಗ ಇದನ್ನು ಹೇಳಿದರೆ ಮಕ್ಕಳು ನಗುತ್ತಿದ್ದರು. ಒಂದು ಸಲ ಒಬ್ಬ ಹುಡುಗನ ಅಪ್ಪ ಸ್ಕೂಲಿಗೆ ಬಂದು ಜಗಳ ಆಡಿದ್ದರು, ಆ ಮೇಲೆ ತರಗತಿಯಲ್ಲಿ ಹೇಳುವುದು ಬಿಟ್ಟೆ.

ಆದರೆ ಬಿರುದಿಗೆ ಒಮ್ಮೆ ನಿಜವಾದ ಬಲ ಬಂದುಬಿಟ್ಟರೆ ಏನಾಗುತ್ತದೆ ಅನ್ನೋದು ನಮ್ಮ ಮನೆತನಕ್ಕೆ ಗೊತ್ತು. 1493ರಲ್ಲಿ ಪೋಪ್ ಆರನೇ ಅಲೆಕ್ಸಾಂಡರ್ ಅಟ್ಲಾಂಟಿಕ್ ಸಮುದ್ರದ ಮೇಲೆ ಒಂದು ಗೆರೆ ಎಳೆದರು. ಆಚೆ ಸಿಗುವ ನೆಲವೆಲ್ಲ ಸ್ಪೇನಿಗೆ ಅಂದರು. ಪೋರ್ಚುಗಲ್ ಒಪ್ಪಲಿಲ್ಲ. ಮರುವರ್ಷ ಟೋರ್ಡೆಸಿಲ್ಲಾಸ್ ಎಂಬ ಊರಿನಲ್ಲಿ ಇಬ್ಬರೂ ಕೂತು ಗೆರೆಯನ್ನು ಪಶ್ಚಿಮಕ್ಕೆ ಸರಿಸಿಕೊಂಡರು. ಆ ಕಡೆ ಅವರಿಗೆ, ಈ ಕಡೆ ಇವರಿಗೆ. ಈ ಕಡೆ ಇದ್ದ ಜನರನ್ನು ಯಾರೂ ಕೇಳಲಿಲ್ಲ. ದೇವರ ಹೆಸರಲ್ಲಿ ಭೂಮಿಯನ್ನು ಹಲಸಿನ ಹಣ್ಣಿನ ಹಾಗೆ ಎರಡು ಹೋಳು ಮಾಡಿದ್ದು ಅದು. 1510ರಲ್ಲಿ ಗೋವಾ ಪೋರ್ಚುಗೀಸರ ಕೈಗೆ ಹೋಯಿತು. 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮ ನ್ಯಾಯಾಲಯ ಬಂತು. ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ 1812ರವರೆಗೂ ಇತ್ತು.

ಆ ನ್ಯಾಯಾಲಯದ ಕಣ್ಣು ಜಾಸ್ತಿ ಇದ್ದದ್ದು ಆಗಲೇ ಕ್ರೈಸ್ತರಾದವರ ಮೇಲೆ. ಹಳೆ ಪದ್ಧತಿ ಬಿಟ್ಟಿದ್ದಾರೋ ಇಲ್ಲವೋ ನೋಡಲು ಅಡುಗೆಮನೆವರೆಗೂ ಬಂದರು. 1736ರ ಒಂದು ಆಜ್ಞೆಯಲ್ಲಿ ಉಪ್ಪು ಹಾಕದೆ ಅನ್ನ ಮಾಡಬಾರದು ಅಂತ ಇದೆ. ಹಿಂದೂಗಳು ಉಪ್ಪಿಲ್ಲದೆ ಮಾಡುತ್ತಾರೆ, ಅದಕ್ಕೆ. ಮನೆ ಹತ್ತಿರ ತುಳಸಿ ಇರಬಾರದು ಅಂತಲೂ ಇದೆ. ನಾವು ವಡ್ಲಿಮಾಯ್ ಅಂತ ಕರೆಯುತ್ತಿದ್ದ ನಮ್ಮ ಅಜ್ಜಿ ಕುಚ್ಚಲಕ್ಕಿ ಗಂಜಿ ಕುದಿಯುವಾಗಲೇ ಒಂದು ಚಿಟಿಕೆ ಉಪ್ಪು ಹಾಕುತ್ತಿದ್ದರು. ಅದಕ್ಕೂ ಆಜ್ಞೆಗೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಸಾಲು ಓದಿದ ದಿನದಿಂದ ಉಪ್ಪಿನ ಮರಿಗೆ ನೋಡಿದಾಗಲೆಲ್ಲ ನೆನಪಾಗುತ್ತದೆ.

ಗೋವಾದಿಂದ ನಮ್ಮವರು ದಕ್ಷಿಣಕ್ಕೆ ಬಂದದ್ದಕ್ಕೆ ಕಾರಣ ಒಂದೇ ಅಲ್ಲ. ಬರ ಇತ್ತು, ಮರಾಠರ ದಾಳಿ ಇತ್ತು, ಈ ನ್ಯಾಯಾಲಯವೂ ಇತ್ತು. ಕೆನರಾ ಕರಾವಳಿಯಲ್ಲಿ ಜಾಗ ಸಿಕ್ಕಿದ್ದು ಕೆಳದಿಯ ಅರಸರ ಆಳ್ವಿಕೆಯಲ್ಲಿ. ಅವರು ವೀರಶೈವರು. ಕ್ರೈಸ್ತ ರಾಜನ ಊರಿಂದ ಓಡಿಬಂದ ಕ್ರೈಸ್ತರಿಗೆ ಲಿಂಗ ಕಟ್ಟಿದ ಅರಸರು ಗದ್ದೆ ಮಾಡಿಕೊಂಡು ಇರಿ ಅಂದರು. ಕಲ್ಯಾಣಪುರದಲ್ಲಿ, ಹೊನ್ನಾವರದಲ್ಲಿ ಚರ್ಚ್ ಕಟ್ಟಲು ಬಿಟ್ಟರು. ಅಂದಹಾಗೆ ಇಷ್ಟೆಲ್ಲ ದಾಟಿಬಂದ ನಮ್ಮವರು ಜಾತಿಯನ್ನು ಮಾತ್ರ ಗೋವಾದಲ್ಲಿ ಮರೆತು ಬರಲಿಲ್ಲ. ಮದುವೆ ಮಾತುಕತೆಯಲ್ಲಿ ‘ಬಾಮಣ್ ಮನೆಯವರಾ?’ ಅಂತ ಕೇಳುವುದು ಇವತ್ತಿಗೂ ಇದೆ. ಇರಲಿ.

ಆ ಗೆರೆಯ ಹಿಂದಿದ್ದ, ಕ್ರೈಸ್ತರು ಕಂಡುಹಿಡಿದ ನೆಲ ಕ್ರೈಸ್ತರದ್ದೇ ಎಂಬ ಸಿದ್ಧಾಂತ ನಮ್ಮದಲ್ಲ ಅಂತ ವ್ಯಾಟಿಕನ್ ಬಾಯಿಬಿಟ್ಟು ಹೇಳಿದ್ದು 2023ರ ಮಾರ್ಚ್ 30ಕ್ಕೆ. ಐನೂರ ಮೂವತ್ತು ವರ್ಷ.

ಹಾಗಾಗಿ ಭಾವನ ಜೊತೆ ನನ್ನ ಜಗಳ ಇಷ್ಟೇ. ಜಗತ್ತೆಲ್ಲ ನಂದು ಅಂತ ದೇವರ ಹೆಸರಲ್ಲಿ ಕೇಳಿದವರು ನಮ್ಮ ಕಡೆಯವರೇ ಭಾವ, ಆ ಕಟ್ಟಡದವರಲ್ಲ. ಭಾವನಿಗೆ ಇದು ಹಿಡಿಸಲಿಲ್ಲ. ನಿಮಗೆ ಹಿಡಿಸದ ಮಾತು ಈಗ ಬರುತ್ತದೆ.

ನಿಮ್ಮ ಸಭೆಯಲ್ಲಿ ನಮ್ಮ ಚರ್ಚಿಗೆ ಒಂದು ಕುರ್ಚಿ ಇದೆ. 1964ರಿಂದ ‘ಹೋಲಿ ಸೀ’ (ಪೋಪ್ ಅವರ ಪೀಠ) ಎಂಬ ಹೆಸರಿನಲ್ಲಿ ಕಾಯಂ ವೀಕ್ಷಕ. ಮತ ಇಲ್ಲ, ಮಾತಾಡುವ ಹಕ್ಕು ಇದೆ. 2004ರಲ್ಲಿ ಆ ಹಕ್ಕುಗಳನ್ನು ಇನ್ನೂ ಜಾಸ್ತಿ ಮಾಡಿದಿರಿ. ಇದು ರಾಷ್ಟ್ರ ಅನ್ನುತ್ತೀರಿ. ವ್ಯಾಟಿಕನ್ ಸಿಟಿ 44 ಹೆಕ್ಟೇರ್, ನಮ್ಮ ಲಾಲ್‌ಬಾಗಿನ ಅರ್ಧವೂ ಇಲ್ಲ. 1994ರಲ್ಲಿ ಕೈರೋದಲ್ಲಿ ಜನಸಂಖ್ಯಾ ಸಮ್ಮೇಳನ ನಡೆಯಿತಲ್ಲ, ಅಲ್ಲಿ ಗರ್ಭಪಾತದ ಒಂದೊಂದು ಪದಕ್ಕೂ ನಮ್ಮ ನಿಯೋಗ ಪಟ್ಟು ಹಿಡಿದು ಕೂತಿತ್ತು, ಕೆಲವು ಮುಸ್ಲಿಂ ದೇಶಗಳೂ ಜೊತೆಗೂಡಿದವು. ನಮ್ಮ ಜಗದ್ಗುರುವಿಗೆ ಅಭಿಪ್ರಾಯ ಇರಬಾರದು ಅಂತ ನಾನು ಹೇಳುವುದಿಲ್ಲ. ಭಾನುವಾರ ಪೂಜೆಯಲ್ಲಿ ಅವರಿಗಾಗಿ ನಾನೂ ಪ್ರಾರ್ಥಿಸುತ್ತೇನೆ. ಆದರೆ ಇರಾನಿನಲ್ಲಿ ಹುಟ್ಟಿದ ಬಹಾಯಿ ಧರ್ಮದವರು, ಬ್ರಹ್ಮಕುಮಾರಿಯರು ಸರ್ಕಾರೇತರ ಸಂಸ್ಥೆ ಅಂತ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ನನ್ನ ಚರ್ಚ್ ರಾಷ್ಟ್ರದ ಬೋರ್ಡ್ ಇಟ್ಟುಕೊಂಡು ಮುಂದೆ ಕೂರುತ್ತದೆ. ಇದು ಸರಿಯಲ್ಲ. ನನ್ನ ಮನೆಯವರಿಗೆ ಸಿಕ್ಕ ಕುರ್ಚಿ ಅಂತ ನಾನು ಸುಮ್ನಿರೋಕಾಗಲ್ಲ.

ಇನ್ನೊಂದು ಕಡೆ ಇಸ್ಲಾಮಿಕ್ ಸಹಕಾರ ಸಂಘಟನೆ, 57 ದೇಶಗಳದ್ದು. 1999ರಿಂದ ಸುಮಾರು ಹತ್ತು ವರ್ಷ ಅವರ ಪರವಾಗಿ ‘ಧರ್ಮಗಳ ನಿಂದನೆ’ ವಿರುದ್ಧ ನಿರ್ಣಯಗಳು ಬಂದವು. ಧರ್ಮಕ್ಕೆ ಮಾನ ಕಾಪಾಡಿ ಅಂತ. ಧರ್ಮದ ಹೆಸರಲ್ಲಿ ಒದೆ ತಿಂದ ಮನುಷ್ಯನ ಮಾತು ಅಷ್ಟು ಜೋರಾಗಿ ಬರಲಿಲ್ಲ. 2011ರಲ್ಲಿ ದಾರಿ ಬದಲಿಸಿ ಬೇರೆ ನಿರ್ಣಯ ತಂದರು, ಒಳ್ಳೆಯದಾಯಿತು.

ಕುರ್ಚಿ ಇದ್ದರೆ ಸಾಕಾ? ಅದಕ್ಕೆ ಜಫ್ರುಲ್ಲಾ ಖಾನ್ ಅವರ ಕಥೆ ನೋಡಿ. 1948ರ ಡಿಸೆಂಬರ್, ಪ್ಯಾರಿಸ್ಸಿನ ಪಾಲೆ ದ ಶಾಯೊ ಎಂಬ ಕಟ್ಟಡ. ಮಾನವ ಹಕ್ಕುಗಳ ಘೋಷಣೆ ಮತಕ್ಕೆ ಬಂದಿದೆ. 18ನೇ ವಿಧಿಯಲ್ಲಿ ಮನುಷ್ಯ ತನ್ನ ಧರ್ಮ ಬದಲಾಯಿಸಬಹುದು ಅಂತ ಇದೆ. ಸೌದಿ ಅರೇಬಿಯಾ ಒಪ್ಪುವುದಿಲ್ಲ. ಪಾಕಿಸ್ತಾನದ ವಿದೇಶಾಂಗ ಮಂತ್ರಿ ಜಫ್ರುಲ್ಲಾ ಖಾನ್ ಎದ್ದು ನಿಂತು ಆ ವಿಧಿಯ ಪರ ಮಾತಾಡಿದರು. ನಂಬಿಕೆಯಲ್ಲಿ ಬಲವಂತ ಇಲ್ಲ ಅಂದರು. ಡಿಸೆಂಬರ್ 10ಕ್ಕೆ 48 ದೇಶಗಳು ಒಪ್ಪಿದವು, 8 ದೇಶಗಳು ಮತ ಹಾಕಲಿಲ್ಲ, ವಿರೋಧ ಒಂದೂ ಇಲ್ಲ. ಅವರು ಮುಂದೆ 1962ರಲ್ಲಿ ನಿಮ್ಮ ಸಾಮಾನ್ಯ ಸಭೆಯ ಅಧ್ಯಕ್ಷರಾದರು. 1970ರಿಂದ 1973ರವರೆಗೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಅಧ್ಯಕ್ಷರಾದರು. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಕುರ್ಚಿ ಯಾವುದಿದೆ?

ಅವರು ಅಹ್ಮದಿಯ, ತಮ್ಮನ್ನು ಮುಸ್ಲಿಮರೆಂದೇ ಕರೆದುಕೊಳ್ಳುವ ಒಂದು ಪಂಥದವರು. 1974ರ ಸೆಪ್ಟೆಂಬರ್ 7ಕ್ಕೆ ಅವರದೇ ದೇಶದ ಸಂಸತ್ತು ಸಂವಿಧಾನ ತಿದ್ದಿ ಅಹ್ಮದಿಯರು ಮುಸ್ಲಿಮರಲ್ಲ ಅಂದಿತು. 1984ರಲ್ಲಿ ಇನ್ನೊಂದು ಕಾನೂನು ಬಂತು. ಅಹ್ಮದಿಯ ಒಬ್ಬ ತನ್ನನ್ನು ಮುಸ್ಲಿಂ ಅಂತ ಕರೆದುಕೊಂಡರೆ ಮೂರು ವರ್ಷದವರೆಗೆ ಜೈಲು. ಜಫ್ರುಲ್ಲಾ ಖಾನ್ ತೀರಿಕೊಂಡಿದ್ದು ಅದರ ಮರುವರ್ಷ. ಲೋಕದ ಸಭೆಯಲ್ಲಿ ಅಧ್ಯಕ್ಷರಾಗಿದ್ದವರ ಜನಕ್ಕೆ ನಿಮ್ಮ ಬಾಗಿಲು ತಟ್ಟಲು ದಾರಿ ಸರಿಯಾಗಿ ಇರಲಿಲ್ಲ. ಯಾಕೆಂದರೆ ನಿಮ್ಮಲ್ಲಿ ಕೂರುವುದು ದೇಶ. ಹೊಡೆದದ್ದೂ ಅದೇ ದೇಶ.

ಪ್ಯಾರಿಸ್ಸಿನ ಅದೇ ಕಟ್ಟಡದಲ್ಲಿ, 1948ರ ಆ ಮತದಾನಕ್ಕೆ ಮೂರು ವಾರ ಮೊದಲು, ಇನ್ನೊಬ್ಬ ಆಸಾಮಿ ಗಲಾಟೆ ಮಾಡಿದ್ದ. ಗ್ಯಾರಿ ಡೇವಿಸ್. ನ್ಯೂಯಾರ್ಕಿನ ನಾಟಕದ ನಟ, ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಪೈಲಟ್. ಅಣ್ಣ ಇಟಲಿಯ ಸಲೆರ್ನೊದಲ್ಲಿ ಸತ್ತಿದ್ದ. ತಾನು ಜರ್ಮನಿಯ ಊರುಗಳ ಮೇಲೆ ಬಾಂಬ್ ಹಾಕಿ ಬಂದಿದ್ದ. 1948ರ ಮೇ ತಿಂಗಳಲ್ಲಿ ಅಮೆರಿಕದ ಪೌರತ್ವ ಬಿಟ್ಟುಕೊಟ್ಟ, ನಾನು ಲೋಕದ ಪ್ರಜೆ ಅಂದ. ನವೆಂಬರ್ 19ಕ್ಕೆ ಸಭೆಯ ಬಾಲ್ಕನಿಯಿಂದ ಎದ್ದು, ಯುದ್ಧ ನಿಲ್ಲಬೇಕಾದರೆ ಇಡೀ ಲೋಕಕ್ಕೆ ಒಂದು ವ್ಯವಸ್ಥೆ ಬೇಕು ಅಂತ ಕೂಗಿದ. ಕಾವಲಿನವರು ಹೊರಗೆ ಎಳೆದುಕೊಂಡು ಹೋದರು. ಆಮೇಲೆ ತಾನೇ ಒಂದು ‘ವಿಶ್ವ ಪಾಸ್‌ಪೋರ್ಟ್’ ಅಚ್ಚು ಹಾಕಿಸಿದ. ಅದನ್ನು ಹಿಡಿದು ಎಷ್ಟೋ ಸಲ ಜೈಲಿಗೂ ಹೋದ.

ಇವನ ಕಥೆ ನನಗೆ ಹತ್ತಿರ ಯಾಕೆ ಅಂದರೆ ಅದರ ಒಂದು ತುದಿ ನಮ್ಮ ಕನಕಪುರ ರಸ್ತೆಯಲ್ಲಿದೆ. 1950ರಲ್ಲಿ ಹಡಗಿನಲ್ಲಿ ಇವನಿಗೆ ಒಬ್ಬ ಸನ್ಯಾಸಿ ಸಿಕ್ಕರು, ನಟರಾಜ ಗುರು. ಬೆಂಗಳೂರಿನಲ್ಲೇ ಹುಟ್ಟಿದವರು, ಮೈಸೂರು ಸಂಸ್ಥಾನದಲ್ಲಿ ಡಾಕ್ಟರಾಗಿದ್ದ ಪಲ್ಪು ಅವರ ಮಗ, ನಾರಾಯಣ ಗುರುಗಳ ಶಿಷ್ಯ, ಪ್ಯಾರಿಸ್ಸಿನಲ್ಲಿ ಡಾಕ್ಟರೇಟ್ ಮಾಡಿದವರು. ಒಂದು ಜಾತಿ, ಒಂದು ಮತ, ಒಬ್ಬ ದೇವರು ಅಂದ ಗುರುವಿನ ಶಿಷ್ಯನಿಗೆ ಲೋಕಕ್ಕೊಂದು ಸರ್ಕಾರ ಅನ್ನೋದು ವಿಚಿತ್ರವಾಗಿ ಕಾಣಲಿಲ್ಲ. 1956ರಲ್ಲಿ ಡೇವಿಸ್ ತನ್ನ ಪಾಸ್‌ಪೋರ್ಟ್ ಹಿಡಿದು ಭಾರತಕ್ಕೆ ಬಂದ. ನಟರಾಜ ಗುರು ಅದೇ ವರ್ಷ ವಿಶ್ವ ಸರ್ಕಾರದ ಬಗ್ಗೆ ಒಂದು ನಿವೇದನೆ ಬರೆದರು. ಕಗ್ಗಲೀಪುರದಲ್ಲಿ ಜಾನ್ ಸ್ಪಿಯರ್ಸ್ ಎಂಬ ಸ್ಕಾಟ್ಲೆಂಡಿನ ಶಿಷ್ಯರು ಗುರುಕುಲದ ಪತ್ರಿಕೆ ನಡೆಸುತ್ತಿದ್ದರು. ಈಗ ಅಲ್ಲಿ ಟ್ರಾಫಿಕ್ಕಿನಲ್ಲಿ ನಿಂತಾಗಲೆಲ್ಲ ಎರಡೂ ಕಡೆ ಲೇಔಟುಗಳ ಬೋರ್ಡ್ ನೋಡುತ್ತಾ ಯೋಚಿಸುತ್ತೇನೆ. ಇಲ್ಲಿ ಒಂದು ಕಾಲದಲ್ಲಿ ಸೈಟಿನ ಮಾತು ಬಿಟ್ಟು ಜಗತ್ತಿನ ಮಾತು ಆಡುತ್ತಿದ್ದರು.

ಡೇವಿಸ್ ಮಾಡಿದ್ದೆಲ್ಲ ಸರಿ ಅಂತ ನನಗೇನೂ ಅನ್ನಿಸುವುದಿಲ್ಲ. ಅವನ ಪಾಸ್‌ಪೋರ್ಟ್ ನಂಬಿ ಗಡಿಯಿಂದ ವಾಪಸ್ ಹೋದ ನಿರಾಶ್ರಿತರಿದ್ದಾರೆ. ಆದರೆ ನಮ್ಮ ಪೋಪ್ ಇಪ್ಪತ್ಮೂರನೇ ಜಾನ್ 1963ರಲ್ಲಿ ಹೆಚ್ಚುಕಡಿಮೆ ಅದೇ ಮಾತು ಬರೆದರು. ಇಡೀ ಜಗತ್ತಿಗೆ ಒಂದು ಸಾರ್ವಜನಿಕ ಅಧಿಕಾರ ಬೇಕು, ಅದು ಬಲವಂತದಿಂದ ಬರಬಾರದು, ಎಲ್ಲರೂ ಒಪ್ಪಿ ಆಗಬೇಕು ಅಂತ. ಗೆರೆ ಎಳೆದ ಪೀಠದಿಂದಲೇ ಬಂದ ಮಾತು ಇದು. ಭಾವನಿಗೆ ತೋರಿಸಿದೆ. ಆ ಪೋಪ್ ಕೂಡ ಅವರ ಕಡೆಯವರೇ ಅಂದರು.

ಈಗ ನನ್ನ ಕೋರಿಕೆ. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿಗೆ ಹೋದಾಗ ಟಿಕೆಟ್ ತಗೊಂಡು ನಿಮ್ಮ ಕಟ್ಟಡ ನೋಡಿದೆ. ಎರಡು ಕೋಣೆ ಮನಸ್ಸಿನಲ್ಲಿ ಉಳಿದವು. ಒಂದು ಹ್ಯಾಮರ್‌ಶೋಲ್ಡ್ ನಿಮ್ಮ ಕುರ್ಚಿಯಲ್ಲಿದ್ದಾಗ 1957ರಲ್ಲಿ ಮಾಡಿಸಿದ ಧ್ಯಾನದ ಕೋಣೆ. ನಡುವೆ ಸ್ವೀಡನ್ನಿನಿಂದ ತಂದ ಆರೂವರೆ ಟನ್ ಕಬ್ಬಿಣದ ಅದಿರಿನ ಬಂಡೆ. ಮೇಲಿಂದ ಒಂದೇ ಬೆಳಕು. ಶಿಲುಬೆ ಇಲ್ಲ, ಓಂ ಇಲ್ಲ, ಚಂದ್ರ ಇಲ್ಲ. ಬಳ್ಳಾರಿ ಕಡೆಯವರಿಗೆ ಅದಿರು ಅಂದರೆ ಏನೇನೋ ನೆನಪಾಗಬಹುದು. ನನಗೆ ಅಲ್ಲಿ ಸುಮ್ನೆ ನಿಲ್ಲಬೇಕು ಅನ್ನಿಸಿತು.

ಇನ್ನೊಂದು ಟ್ರಸ್ಟೀಶಿಪ್ ಕೌನ್ಸಿಲ್ ಸಭಾಂಗಣ. ಗೋಡೆಯ ಹತ್ತಿರ ತೇಗದ ಮರದ ಒಂದು ದೊಡ್ಡ ಹೆಣ್ಣಿನ ಮೂರ್ತಿ, ಕೈ ಎತ್ತಿ ಹಕ್ಕಿಯನ್ನು ಹಾರಿಬಿಡುತ್ತಿದ್ದಾಳೆ. ಡೆನ್ಮಾರ್ಕ್ ಕೊಟ್ಟದ್ದು. ನಿಮ್ಮ ಸನ್ನದಿನ 87ನೇ ವಿಧಿ ಈ ಮಂಡಳಿಗೆ ಒಂದು ವಿಶೇಷ ಕೆಲಸ ಕೊಟ್ಟಿತ್ತು, ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಬೇರೆ ದೇಶಗಳು ಆಳುತ್ತಿದ್ದ ಟ್ರಸ್ಟ್ ಪ್ರದೇಶಗಳ ಜನರ ಅರ್ಜಿ ತೆಗೆದುಕೊಳ್ಳುವುದು. 1955ರಲ್ಲಿ ಟಾಂಗನಿಕಾದಿಂದ (ಈಗ ಅದು ತಾಂಜಾನಿಯಾದ ಭಾಗ) ಜೂಲಿಯಸ್ ನೈರೇರೆ ಎಂಬ ಯುವ ಮೇಷ್ಟ್ರು ಈ ಮಂಡಳಿಯ ಮುಂದೆ ಅರ್ಜಿದಾರನಾಗಿ ಬಂದು ನಮಗೆ ಸ್ವಾತಂತ್ರ್ಯ ಬೇಕು ಅಂದರು. ಅವರ ಹಿಂದೆ ಯಾವ ದೇಶದ ಬೋರ್ಡೂ ಇರಲಿಲ್ಲ. ದೇಶವೇ ಇನ್ನೂ ಹುಟ್ಟಿರಲಿಲ್ಲ. 1994ರಲ್ಲಿ ಪಲಾವ್ ಎಂಬ ಕೊನೆಯ ಪ್ರದೇಶ ಸ್ವತಂತ್ರವಾಯಿತು, ಮಂಡಳಿಯ ಕೆಲಸ ನಿಂತಿತು.

ಅರ್ಜಿಗೆ ಈಗಲೂ ಜಿನೀವಾದಲ್ಲಿ ದಾರಿ ಇದೆ ಅಂತ ನೀವು ಹೇಳಬಹುದು. ಇದೆ. ಮಾನವ ಹಕ್ಕುಗಳ ಮಂಡಳಿಗೆ ಬರೆಯಬಹುದು, ಆದರೆ ಅದೆಲ್ಲ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ನಾಗರಿಕ ಹಕ್ಕುಗಳ ಸಮಿತಿಗೆ ಹೋಗಬೇಕಾದರೆ ಯಾವ ದೇಶದ ಮೇಲೆ ದೂರೋ ಆ ದೇಶ ಒಂದು ಹೆಚ್ಚುವರಿ ಒಪ್ಪಂದಕ್ಕೆ ಸಹಿ ಹಾಕಿರಬೇಕು. ನಮ್ಮ ದೇಶ ಹಾಕಿಲ್ಲ. ನನ್ನ ಮೇಲೆ ದೂರು ಕೊಡಬಹುದಾ ಅಂತ ಯಜಮಾನನ ಹತ್ತಿರವೇ ಕೇಳಿಕೊಂಡು ಬಾ ಅಂದ ಹಾಗಾಯಿತು.

ಆ ಕೋಣೆಯಲ್ಲಿ ವರ್ಷಕ್ಕೆ ಕೆಲವು ದಿನ ಮತ್ತೆ ಅರ್ಜಿದಾರರನ್ನು ಕೂರಿಸಿ. ಧರ್ಮದ ಹೆಸರಲ್ಲಿ ಸರ್ಕಾರದಿಂದ ಪೆಟ್ಟು ತಿಂದವರು ಮೊದಲು ಬರಲಿ. ಅಹ್ಮದಿಯ, ಇರಾನಿನ ಬಹಾಯಿ, ರೋಹಿಂಗ್ಯಾ, ಮಣಿಪುರದಲ್ಲಿ ಮನೆ ಸುಟ್ಟುಹೋದವರು ಕೂಡ. ಹೆಸರು ಕೂಗಿ ಕರೆಯಿರಿ, ಕ್ಯಾಮೆರಾ ಇರಲಿ. ತೀರ್ಪು ಕೊಡಬೇಡಿ, ಸೈನ್ಯ ಕಳಿಸಬೇಡಿ, ಅದು ನಿಮ್ಮ ಕೈಲಿ ಆಗುವುದೂ ಇಲ್ಲ. ಕೇಳಿಸಿಕೊಳ್ಳಿ, ದಾಖಲೆ ಮಾಡಿ. ಇದಕ್ಕೆ ಸನ್ನದು ತಿದ್ದಬೇಕಾಗಿಲ್ಲ. 22ನೇ ವಿಧಿಯ ಪ್ರಕಾರ ಸಾಮಾನ್ಯ ಸಭೆ ತನಗೆ ಬೇಕಾದ ಅಂಗಸಂಸ್ಥೆ ಮಾಡಿಕೊಳ್ಳಬಹುದು, ಅಲ್ಲಿ ವಿಟೊ ಇಲ್ಲ. ನೀವು ಅವರ ಮುಂದೆ ಮಾತು ಎತ್ತಬೇಕು ಅಷ್ಟೇ. ಅದರ ಜೊತೆಗೆ ನನ್ನ ಚರ್ಚಿನ ಕುರ್ಚಿಯನ್ನೂ ಬಹಾಯಿಗಳ ಪಕ್ಕಕ್ಕೆ ಸರಿಸುವ ಮಾತು ಎತ್ತಿದರೆ ನಮ್ಮ ಪಾದ್ರಿಗಳು ನನ್ನ ಮೇಲೆ ಸಿಟ್ಟಾಗುತ್ತಾರೆ. ಪರವಾಗಿಲ್ಲ, ನೋಡಿಕೊಳ್ಳುತ್ತೇನೆ.

ಮುಂದಿನ ಬೇಸಿಗೆಗೆ ಮಗಳ ಮನೆಗೆ ಬರುವಾಗ ಭಾವನನ್ನೂ ಕರೆತರಬೇಕು ಅಂತಿದ್ದೇನೆ, ವೀಸಾ ಸಿಕ್ಕರೆ. “ಮೃಗದ ಹೊಟ್ಟೆಯೊಳಗೆ ನಾನು ಬರಲ್ಲ” ಅಂತ ಮೊದಲು ಅಂದರು. ಮೊನ್ನೆ ಫೋನ್ ಮಾಡಿ, ಟೂರಿಗೆ ಸೀನಿಯರ್ ಸಿಟಿಜನ್ನರಿಗೆ ಟಿಕೆಟ್ಟಿನಲ್ಲಿ ಏನಾದರೂ ಕಮ್ಮಿ ಇದೆಯಾ ಅಂತ ಕೇಳಿದರು. ಕೂಟದವರು ಬಿಟ್ಟುಬಿಡಿ ಅಂದರೂ ಅವರ ಜೇಬಿನಲ್ಲಿ ಇನ್ನೂ ಅಮ್ಮ ಕೊಟ್ಟ ಜಪಸರ ಇದೆ. ಸೆಕ್ಯುರಿಟಿಯವರಿಗೆ ದಯವಿಟ್ಟು ಹೇಳಿಡಿ, ಅದನ್ನು ತೆಗೆಸಬೇಡಿ ಅಂತ.

ಇಂತಿ ನಿಮ್ಮ ವಿಶ್ವಾಸಿ,
ಕನಕಪುರ ರಸ್ತೆಯ ಒಬ್ಬ ರಿಟೈರ್ಡ್ ಮೇಷ್ಟ್ರು
ಬೆಂಗಳೂರು